ಬಾಡಿಗೆ ಕಾಲು

ಕೆಲಸವಿಲ್ಲದವನು ನೊಣ ಹೊಡೆಯುತ್ತಾನಂತೆ.
ನಾನು ಸೊಳ್ಳೆ ಹಿಡಿಯುತ್ತೇನೆ, ಸಂಬಳಕ್ಕೆ.
ಸಂಜೆ ಆರಕ್ಕೆ ಅಂಗಳದಲ್ಲಿ ಸ್ಟೂಲು ಹಾಕಿ
ಪ್ಯಾಂಟನ್ನು ಮೊಣಕಾಲಿಗೇರಿಸಿ
ಎಡಗಾಲನ್ನು ಕಿಲೊಂಬೆರೊ ಕಣಿವೆಯ ಕತ್ತಲಿಗೆ
ಬಾಡಿಗೆಗೆ ಬಿಡುತ್ತೇನೆ.

ಬಾಯಲ್ಲಿ ರಬ್ಬರಿನ ಕೊಳವೆ, ಕೈಯಲ್ಲಿ ಟಾರ್ಚು.
ಬಂದು ಕೂತದ್ದು ತಿಳಿಯುವುದು ಚರ್ಮಕ್ಕಲ್ಲ, ರೋಮಕ್ಕೆ.
ಸೂಜಿ ಇಳಿಸುವ ಮೊದಲೇ ಉಸಿರೆಳೆದುಕೊಳ್ಳಬೇಕು.
ಜೋರಾದರೆ ರೆಕ್ಕೆ ಮುರಿಯಿತು,
ತಡವಾದರೆ ನಾನೇ ಊಟ.
ಗಂಟೆಗೊಂದು ಕಾಗದದ ಲೋಟ, ಅದರ ಬಾಯಿಗೆ ಬಲೆ,
ಪೆನ್ಸಿಲ್ಲಿನಲ್ಲಿ ಲೆಕ್ಕ.
ಏಳರಿಂದ ಎಂಟು: ನಾಲ್ಕು.
ಹತ್ತರಿಂದ ಹನ್ನೊಂದು: ಹತ್ತೊಂಬತ್ತು.
ಕಿವಿಯ ಹತ್ತಿರ ಹಾಡುವವಳು ಬರೀ ತುರಿಕೆಯ ಗಿರಾಕಿ.
ತಲೆ ತಗ್ಗಿಸಿ, ಹಿಂಬದಿ ಎತ್ತಿ,
ಪ್ರಾರ್ಥನೆಗೆ ಬಾಗಿದಂತೆ ಕೂರುತ್ತಾಳಲ್ಲ, ಸದ್ದಿಲ್ಲದವಳು,
ಅವಳಿಗಾಗಿಯೇ ಈ ನೌಕರಿ.

ಆಫೀಸಿನವರು ನನಗೆ ಗುಳಿಗೆ ಕೊಡುತ್ತಾರೆ.
ಬಾಡಿಗೆಗೆ ಹೋದದ್ದು ನನ್ನ ಕಾಲೊಂದೇ; ಮನೆಯವರಿಗಿಲ್ಲ.

ಗಂಡು ಹೂವಿನ ರಸ ಹೀರಿ ತೆಪ್ಪಗಿರುತ್ತದೆ,
ಮೊಟ್ಟೆ ಕಟ್ಟಬೇಕಾದವಳಿಗೇ ರಕ್ತ ಬೇಕು.
ತರಬೇತಿಯಲ್ಲಿ ಕಲಿತದ್ದನ್ನು ಮನೆಯಲ್ಲಿ ಹೇಳಿದೆ.
ಉಗಾಲಿ ತಿರುವುತ್ತಿದ್ದ ರೆಡೆಂಪ್ಟಾ ಕೈ ನಿಲ್ಲಿಸಿ,
‘ಹಾಗಾದರೆ ಆರು ತಿಂಗಳ ನನ್ನದನ್ನು ಕೊಂಡುಹೋದವಳೂ
ಬಸುರಿಯೇ’ ಅಂದಳು.
ಆಮೇಲೆ ಏನೂ ಅನ್ನಲಿಲ್ಲ.
ಹಿಟ್ಟು ತಳ ಹಿಡಿಯಿತು.

ಎಲ್ಲಿಂದ ಬರುತ್ತಾಳೆ ಅಂತ ದೂರ ಹುಡುಕಬೇಡಿ.
ನಮ್ಮ ಅನ್ನ ನಿಂತ ನೀರೇ ಅವಳ ತೊಟ್ಟಿಲು.
ದನದ ಗೊರಸಿನ ಗುರುತು, ಟ್ರ್ಯಾಕ್ಟರ್ ಚಕ್ರದ ಹಳ್ಳ,
ಶಾಲೆಯ ಇಟ್ಟಿಗೆಗೆಂದು ನಾವೇ ತೋಡಿದ ಗುಂಡಿ.
ಶಾಲೆಯೇನೋ ಎದ್ದಿತು.
ಏಪ್ರಿಲಿನಲ್ಲಿ ಮೇಷ್ಟರು ಹಾಜರಿ ಕರೆದರೆ
ತಗಡಿನ ಮೇಲಿನ ಮಳೆ ಓಗೊಡುತ್ತದೆ.

ರೋಗವೂ ಅವಳ ಸ್ವಂತದ್ದಲ್ಲ.
ನಮ್ಮಲ್ಲೊಬ್ಬರ ಮೈಯಿಂದ ಕಡ ತಂದು
ಹತ್ತು ಹನ್ನೆರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು
ಪಕ್ಕದ ಮನೆಗೆ ಬಡ್ಡಿ ಸಮೇತ ದಾಟಿಸುತ್ತಾಳೆ.
ನೆರೆಹೊರೆ ಎಂದರೆ ಇಷ್ಟೇ:
ಉಪ್ಪು, ಬೆಂಕಿ, ಚಳಿಜ್ವರ.

ಭತ್ತದ ಹಕ್ಕಿ ಕಾಯಲು ಅಕ್ಕನ ಮನೆಯವರೆಲ್ಲ
ಗದ್ದೆಯ ಗುಡಿಸಿಲಿಗೆ ಹೋಗಿದ್ದರು,
ಸೊಳ್ಳೆಪರದೆ ಊರಲ್ಲೇ ಮೊಳೆಗೆ ತೂಗುತ್ತಿತ್ತು.
ಒಡಿಲೊನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡ ರಾತ್ರಿ
ಅಜ್ಜಿ ಅಂದಳು: ದೇಗೆದೇಗೆ.
ಕಾಣದ ಹಕ್ಕಿಯ ನೆರಳು ಬಿದ್ದರೆ ಮಗುವಿನ ಕೈಕಾಲು
ಹೀಗೆಯೇ ರೆಕ್ಕೆ ಬಡಿಯುತ್ತವೆ,
ಈಗ ಇಂಜೆಕ್ಷನ್ ಚುಚ್ಚಿದರೆ ಉಳಿಯುವುದಿಲ್ಲ.
ಹೊಗೆ ಹಾಕಿದರು, ಬೇರು ಅರೆದರು.
ಹೊಳೆ ತುಂಬಿತ್ತು. ದೋಣಿಯವನು,
‘ಬೆಳಗಾಗಲಿ’ ಅಂದ.

ಬೆಳಗಾಯಿತು.

ಅಜ್ಜಿಯನ್ನು ಯಾರೂ ಬೈಯಲಿಲ್ಲ.
ನಾನಂತೂ ಬೈಯಲಾರೆ. ಲೋಟದೊಳಗೆ ನೋಡಿದ್ದೇನೆ,
ಅದಕ್ಕೆ ರೆಕ್ಕೆಯಿರುವುದು ನಿಜ.

ಎರಡರಿಂದ ಮೂರು: ಇಪ್ಪತ್ತಾರು.
ಈ ಲೋಟಗಳೆಲ್ಲ ನಾಳೆ ಲ್ಯಾಬಿಗೆ ಹೋಗುತ್ತವೆ.
ಯಾರ ಎಂಜಲಲ್ಲಿ ಏನಿತ್ತು ಅಂತ ಸೋಸಿ
ಒಂದು ಗೆರೆ ಎಳೆಯುತ್ತಾರೆ, ಏರುವ ಗೆರೆ, ಇಳಿಯುವ ಗೆರೆ.
ಒಮ್ಮೆ ತೋರಿಸಿದ್ದರು. ಚೆನ್ನಾಗಿತ್ತು.
ನಮ್ಮ ಹಿಂದಿನ ಗುಡ್ಡದ ಹಾಗೇ ಇತ್ತು.

ಗಂಟೆಗೆ ಹದಿನೈದು ನಿಮಿಷ ವಿರಾಮ.
ಎದ್ದು ಒಳಗೆ ಹೋಗುತ್ತೇನೆ.
ಮಗಳು ನಿದ್ದೆಯಲ್ಲಿ ಹೊರಳಿ
ಪಾದವನ್ನು ಪರದೆಗೆ ಒತ್ತಿ ಮಲಗಿದ್ದಾಳೆ.
ಆಚೆ ಬದಿಯಲ್ಲಿ, ತಲೆ ತಗ್ಗಿಸಿ, ಒಬ್ಬಳು.
ಪಾದವನ್ನು ಮೆಲ್ಲಗೆ ಒಳಕ್ಕೆ ಸರಿಸುತ್ತೇನೆ.
ಕೊಳವೆ ಹೊರಗೆ ಸ್ಟೂಲಿನ ಮೇಲಿದೆ.
ಇದು ಲೆಕ್ಕಕ್ಕೆ ಸೇರುವ ಹೊತ್ತೂ ಅಲ್ಲ.
ಆದರೂ ಪ್ಯಾಂಟನ್ನು ಮತ್ತೆ ಮೇಲಕ್ಕೇರಿಸಿ
ಮಣ್ಣಿನ ನೆಲದ ಮೇಲೆ ಕೂತು
ಕಾಲು ಚಾಚುತ್ತೇನೆ.

ಇತ್ತ ಬಾ ತಾಯಿ,
ಇಲ್ಲಿ ಕೂರು.