ಒಂದರ ಮ್ಯಾಲ ಹೊಡಿಬ್ಯಾಡ

ಗಾದಿ ಬಿಚ್ಚಾಕ ಹೋಗಿದ್ದೆ ನಾನು, ಕೇಶ್ವಾಪುರದಾಗ
ಎರ್ಮಲಿಂದಾಬಾಯಿಯ ಮನಿಗೆ.
ಮಂಚ ಸರಿಸಿದ್ರ ಕೆಳಗ ಎರಡು ಉದ್ದನ್ನ ಡೋಲು,
ಹಳೇ ಚಾದರ ಹೊದ್ದು, ಒಂದರ ಮಗ್ಗಲಕ ಒಂದು
ಜ್ವರ ಬಂದ ಹುಡುಗರಂಗ ಮಲಗಿದ್ದವು.

‘ಕೋಂಗಾ ಅಂತಾರು. ನನ್ನ ಅಣ್ಣ ಹಡಗದಾಗ ಇದ್ದ.
ಹವಾನಾದಾಗ ತಗೊಂಡ, ವಾಸ್ಕೋದಾಗ ಇಳಿಸಿದ,
ಗಾರ್ಡನ ಡಬ್ಬಿಯೊಳಗ ಹುಬ್ಬಳ್ಳಿಗೆ ಬಂದ್ವು.
ಬಾರಿಸ್ತಿ ಏನು, ಬಾಬ್?’

ನನಗ ಹಲಗಿ ಗೊತ್ತಿತ್ತು. ಮೊಹರಂದಾಗ ಹೆಜ್ಜಿ ಹಾಕವರ ಮುಂದ
ಹತ್ತು ವರ್ಷ ಬಾರಿಸಿದ ಕೈ.
ಎಷ್ಟು ಅಡ್ಡಾಡಿದ್ರೂ ಸಂಜಿಗೆ ದನ ಕೊಟಗಿಗೆ ಬಂದಂಗ
ಸಮಕ್ಕ ಬಂದು ನಿಲ್ಲಬೇಕು, ಅಷ್ಟು ಗೊತ್ತಿತ್ತು.

ಹೊಡದೆ. ಆಕಿ ನಕ್ಕಳು.
‘ಒಂದರ ಮ್ಯಾಲ ಹೊಡಿಬ್ಯಾಡ.’
‘ಮತ್ತ ಎಲ್ಲಿ ಹೊಡೀಲಿ ಬಾಯಾರ?’
‘ಅದಕ್ಕಿಂತ ಮೊದಲ. ಬಾಗಲತನಾ ಹೋಗು,
ಚಿಲಕ ಬಡಿ, ಒಳಗ ಹೋಗಬ್ಯಾಡ.
ಒಂದಕ್ಕ ಬರೇ ಅಂಗೈ ಊರು, ಸಪ್ಪಳ ಬ್ಯಾಡ.
ಅದನ್ನ ಕಾಯಾಕ ಕೋಲು ಅದಾವು.’

ಕೋಲು ಅಂದ್ರ ಗೇಣುದ್ದದ ಎರಡು ತುಂಡು.
ಆಕಿ ಗಂಡ ವರ್ಕ್‌ಶಾಪಿನ ಫಿಟ್ಟರ್,
ಹಳಿ ಕೆಳಗಿನ ಹಳೇ ಸ್ಲೀಪರ್ ಕಡದು ಮಾಡಿದ್ದು.
ನಲವತ್ತು ವರ್ಷ ಗಾಡಿ ಹೊತ್ತ ಕಟ್ಟಿಗಿ,
ಬಡದ್ರ ಎಲುವಿನಂಗ ಒದರತಿತ್ತು.
ಮೂರು ಪೆಟ್ಟು, ಆಮ್ಯಾಲ ಎರಡು. ಐದಽ.
ಒಂದು ವಾರ ಬರಲಿಲ್ಲ ನನಗ.
ಎಣಿಸಿದ್ರ ತಪ್ಪತಿತ್ತು, ಎಣಿಸದಿದ್ರ ಮುಳಗತಿತ್ತು.

ಕಡಿಗೆ ಒಂದು ಸಂಜಿ, ಅಂಗಡಿ ಪೊಟ್ಟಣ ಬಿಚ್ಚಿಕೋತ ಅಂದಳು:
‘ಇದನ್ನಽ ಅನ್ನು. ಮಾತು ಎಲ್ಲಿ ಸುರು, ಅಲ್ಲಿ ಪೆಟ್ಟು.

ಗಿರಮಿಟ್
ಗಿರಮಿಟ್
ಮಿರ್ಚಿಭಜಿ
ಚಹಾ
ಕುಡದಬಾ’

ಬಂತು.
ಬಾಯಾಗ ನೀರು, ಕೈಯಾಗ ತಾಳ, ಎರಡೂ ಕೂಡೇ ಬಂದ್ವು.
ಮುಂದಿನ ವಾರ ಭಜಿ ಎತ್ತಿ ಹಿಂದಕ ಇಟ್ಟಳು:
ಗಿರಮಿಟ್, ಮಿರ್ಚಿಭಜಿ, ಗಿರಮಿಟ್, ಚಹಾ, ಕುಡದಬಾ.
ಇದು ರುಂಬಾ ಅಂತ.
ಪೊಟ್ಟಣದಾಗ ಇದ್ದದ್ದು ಅದಽ,
ಮೂರನೇ ಪೆಟ್ಟು ಮಾತ್ರ ಒಂದು ಎಳಿ ತಡ,
ಹೊಸ್ತಿಲದಾಗ ಸೆರಗು ಸಿಕ್ಕಂಗ.
ಅಷ್ಟಕ್ಕಽ ಕುಣಿಯೋ ಕಾಲು ಬ್ಯಾರೆ ಆತು.

‘ಯಾರು ಬಾರಿಸ್ತಿದ್ರು ಬಾಯಾರ, ಮೊದಲಿಗೆ?’
‘ಸರಪಳಿ ಹಾಕಿ ಹಡಗದಾಗ ತುಂಬಿಕೊಂಡು ಒಯ್ದ ಮಂದಿ.
ಡೋಲು ಕಸಗೊಂಡ್ರಂತ. ಮೀನಿನ ಪೆಟಗಿ ಬಡದ್ರಂತ.’
ಅಷ್ಟು ಹೇಳಿ ಬಶಿ ತೊಳ್ಯಾಕ ಎದ್ದಳು.
ನಾನು ತೊಗಲಿನ ಮ್ಯಾಲ ಕೈ ಇಟ್ಟುಕೊಂಡು ಸುಮ್ಮನ ಕುಂತೆ.

ನಮ್ಮ ಅಂಗಡಿ ಗ್ವಾಡಿಗೆ ಅಜ್ಜನ ಬಿಲ್ಲು ಐತಿ,
ಅರಳಿ ಹಿಂಜೋ ಬಿಲ್ಲು. ಮಷಿನ್ ಬಂದ ಮ್ಯಾಲ ಯಾರೂ ಮೀಟಿಲ್ಲ.
ಧೊಂಯ್ ಧೊಂಯ್ ಅಂತಿತ್ತು, ಅಷ್ಟು ನೆನಪೈತಿ.
ಒಂದರ ಮ್ಯಾಲ ಬೀಳತಿತ್ತೋ, ಮೊದಲೋ,
ಆವಾಗ ಕೇಳಿಸಿಕೊಂಡಿಲ್ಲ ನಾನು.

ಅಂಗೈ, ಬೆರಳು, ಅಂಗೈ, ಬೆರಳು.
ಗಾದಿಯ ಮೂಲಿಗೆ ಅರಳಿ ಒತ್ತೋದೂ ಇದಽ ಕೈ.
ಎಡಗೈ ಬಲಗೈಗೆ ಹೇಳದಂಗ ಮಾಡೋ ಕೆಲಸ.

ಮೊನ್ನೆ ಗಣೇಶಪೇಟಿ ಗಿರಾಕಿ ಬಂದಿದ್ದ, ಗಾದಿ ಹೊತಗೊಂಡು.
‘ಏ ಮಕ್ತುಮಸಾಬ, ಟಾಕಿ ಎಲ್ಲಾ ಹೆಚ್ಚುಕಮ್ಮಿ ಬಿದ್ದಾವಲ್ಲೊ.
ಮೂರು ಬೆರಳಿಗೊಂದು, ಮತ್ತ ಮೂರಕ್ಕೊಂದು,
ಆಮ್ಯಾಲ ನಾಕು, ಇಲ್ಲಿ ಎರಡಽ ಎರಡು.
ಕಣ್ಣು ಮಂಜಾದ್ವೇನು?’

ಬಿಚ್ಚಿ ಹೊಲಿತೀನ್ರಿ ಅಂದೆ.
ಇನ್ನೂ ಬಿಚ್ಚಿಲ್ಲ.
ನಾಕು ಬೆರಳು ಬಿಟ್ಟು
ಮತ್ತ ಒಂದು ಬರಬೇಕಾಗಿತ್ತು ಅಲ್ಲಿ,
ಗಾದಿ ಅಂಚು ಮುಗದಿತ್ತು.