ಎರಡರಿಂದ ಎಂಟು

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ನನ್ನದು ಹತ್ತೊಂಬತ್ತು ವರ್ಷ.
ಚಳಿ ಅಂದರೆ ಎಂತದೆಂದು ಯಾರೂ ಹೇಳಿಕೊಡಬೇಕಿಲ್ಲ.
ಆದರೆ ಮಂಗಳವಾರ ಬಿಟ್ಟು ಮಂಗಳವಾರ
ಮಣಿಪಾಲದ ನಾಲ್ಕನೇ ಮಾಳಿಗೆಗೆ ಬರುವ ಆ ಬಿಳಿ ಪೆಟ್ಟಿಗೆ,
ಅದರ ಚಳಿ ಬೇರೆ.
ಎರಡಕ್ಕಿಂತ ಇಳಿಯಬಾರದು, ಎಂಟು ದಾಟಬಾರದು.
ಮುಚ್ಚಳದಲ್ಲಿ ಒಂದು ಹಸಿರು ದೀಪ,
ನಿದ್ದೆ ಬಾರದ ಮಗುವಿನ ಹಾಗೆ ಪಿಳಿಪಿಳಿ.

ಒಮ್ಮೆ ಬಜ್ಪೆಯಲ್ಲಿ ವಿಮಾನ ಇಳಿದು ಮುಕ್ಕಾಲು ಗಂಟೆ
ಬಿಸಿಲಲ್ಲಿ ಕೂತಿತಂತೆ. ಒಂಬತ್ತೂವರೆ ಡಿಗ್ರಿ.
ನಿಶ್ಮಿತಾ ಮೇಡಂ ಬಾಗಿಲಾಚೆ ಕಂಪನಿಯವರ ಜೊತೆ
ಎಷ್ಟೋ ಹೊತ್ತು ಮಾತಾಡಿ, ಬಂದು, ತಲೆಯಾಡಿಸಿದರು.
ಮಗಳ ಕೈಗೆ ಆಗಲೇ ಸೂಜಿ ಚುಚ್ಚಿಯಾಗಿತ್ತು.
ತೆಗೆದರು.
ನಮ್ಮ ಐಸಿನಲ್ಲಿ ಬಂಗುಡೆ ಕೊಚ್ಚಿವರೆಗೆ ಹೋಗುತ್ತದೆ ಮಾರಾಯ್ರೆ,
ಕಿವಿರು ಕೆಂಪಗೇ ಇರುತ್ತದೆ, ಅಂದೆ.
ಯಾರಿಗೆ ಅಂದೆನೋ. ಲಿಫ್ಟಿಗೆ ಇರಬೇಕು.

ಪ್ರಾಪ್ತಿಗೆ ಒಂಬತ್ತು. ಅವಳ ಸ್ನಾಯುಗಳಲ್ಲಿ
ಕರಗಬೇಕಾದ ಸಕ್ಕರೆ ಕರಗದೆ ಕೂರುತ್ತದೆ.
ತಪ್ಪಿದ ಅಕ್ಷರ ಒಂದು ನನ್ನದು, ಒಂದು ಸುಕನ್ಯಾಳದ್ದು;
ಒಂದೊಂದೇ ಇದ್ದರೆ ಎಂತದೂ ಆಗುವುದಿಲ್ಲವಂತೆ.
ಜಾತಕ ಕೂಡಿಸಿದವರಿಗೆ ಇದು ಕಾಣಲಿಲ್ಲವಾ?
ಆ ರಾತ್ರಿ ಕೇಳಿದಳು.
ನಾನು ಎದ್ದು ಫ್ಯಾನಿನ ಸ್ಪೀಡು ಒಂದು ಹೆಚ್ಚು ಮಾಡಿದೆ.

ಸಹಿ ಹಾಕಿದ್ದು ಇಪ್ಪತ್ತೆರಡು ಪುಟಕ್ಕೆ.
ಅರ್ಧ ಮಕ್ಕಳಿಗೆ ಔಷಧ, ಅರ್ಧ ಮಕ್ಕಳಿಗೆ ಬರೀ ಉಪ್ಪುನೀರು.
ಯಾರಿಗೆ ಯಾವುದು, ಸಿಸ್ಟರ್ ಜೆಸಿಂತಾಗೂ ಗೊತ್ತಿಲ್ಲ,
ಡಾಕ್ಟರಿಗೂ ಗೊತ್ತಿಲ್ಲ.
ಕಂಪನಿಯ ಯಾವುದೋ ಕಂಪ್ಯೂಟರಿನ ಹೊಟ್ಟೆಯಲ್ಲಿ
ಚೀಟಿ ಎತ್ತಿಯಾಗಿತ್ತು.

ಕಾರಿಡಾರಿನಲ್ಲಿ ಎರಡು ಕಿತ್ತಳೆ ಕೋನು, ನಡೆಯಲು ಆರು ನಿಮಿಷ.
ಪಕ್ಕದಲ್ಲಿ ಕೋಟದ ಹುಡುಗ ಸಾತ್ವಿಕ.
ಸ್ಪರ್ಧೆ ಅಲ್ಲ ಅಲ್ಲ ಎಂದು ಮೇಡಂ ಹೇಳಿದಷ್ಟೂ
ಇಬ್ಬರೂ ಹಲ್ಲು ಕಚ್ಚಿ ನಡೆದರು.
ಮೊದಲು ನೂರ ತೊಂಬತ್ತು ಮೀಟರ್. ಆಮೇಲೆ ಇನ್ನೂರ ಮೂರು.
ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ತಾರೀಕಿನ ಪಕ್ಕ
ಸುಕನ್ಯಾ ಬರೆದಿಟ್ಟಳು.
ಔಷಧವೇ ಇದು, ಎಂದೆವು. ಮತ್ತೆಂತ.

ಹದಿನೆಂಟು ತಿಂಗಳಿಗೆ ಲಕೋಟೆ ಒಡೆದರು.
ಸಾತ್ವಿಕನದು ಔಷಧ.
ನಮ್ಮದು ಉಪ್ಪುನೀರು.
ಅದೂ ಅದೇ ಪೆಟ್ಟಿಗೆಯಲ್ಲಿ, ಎರಡರಿಂದ ಎಂಟರ ಒಳಗೆ,
ವಿಮಾನದಲ್ಲಿ ಬರುತ್ತಿತ್ತು.
ಅವತ್ತು ಬಿಸಾಡಿದ್ದೂ ಅದೇ.

ಅದಕ್ಕೆ ಎರಡು ಬಸ್ಸು ಹತ್ತಿ ಗುಡ್ಡೆ ಏರಬೇಕಿತ್ತಾ,
ಮಳೆಗಾಲದಲ್ಲಿ ನಮ್ಮ ಜಗಲಿಗೇ ಬರುತ್ತದಲ್ಲ,
ಎಂದು ಸುಕನ್ಯಾ ನಕ್ಕಳು. ನಗು ನಿಲ್ಲಲಿಲ್ಲ.
ಸಿಸ್ಟರ್ ನೀರು ತಂದುಕೊಟ್ಟರು.
ಮುಂದಿನ ತಿಂಗಳಿಂದ ಇವಳಿಗೂ ನಿಜದ್ದೇ, ಎಂದು ಬರೆದಿತ್ತು;
ಕೆಳಗೆ ಕಂಪನಿಯ ಕೃತಜ್ಞತೆ.
ಹಾಗಾದರೆ ಆ ಹದಿಮೂರು ಮೀಟರ್ ಯಾರದ್ದು? ಕೇಳಿದೆ.
ಡಾಕ್ಟರು ಕನ್ನಡಕ ತೆಗೆದು ಒರೆಸಿದರು.
ನಂದು, ಅಂದಳು ಪ್ರಾಪ್ತಿ, ಚಪ್ಪಲಿ ಹುಡುಕುತ್ತ.

ಅವತ್ತು ರಾತ್ರಿ ಪಾಳಿ.
ಹಲಗೆ ಎತ್ತಿದರೆ ಕೆಳಗೆ ತೊಟ್ಟಿ,
ತೊಟ್ಟಿಯ ತುಂಬ ಉಪ್ಪುನೀರು, ಮೈನಸ್ ಹತ್ತು.
ತಾನು ಹೆಪ್ಪುಗಟ್ಟುವುದಿಲ್ಲ.
ಕ್ಯಾನುಗಳ ಸುತ್ತ ನಿಂತು
ಒಳಗಿನ ಸಿಹಿನೀರನ್ನು ಗಡ್ಡೆ ಮಾಡುತ್ತದೆ.
ಇಷ್ಟು ವರ್ಷ ಕಂಡದ್ದೇ.
ಒಂದು ಬೆರಳು ಅದ್ದಿದೆ. ಸುಟ್ಟಿತು.

ಬೆಳಗ್ಗೆ ಐದಕ್ಕೆ ಬೋಟಿನವರು ಕೂಗಿದರು, ಇನ್ನೂರು ಗಡ್ಡೆ.
ಎಣಿಸಿ ಕೊಟ್ಟೆ.
ಮಂಗಳವಾರ ರಜೆ ಬೇಕು, ಎಂದು ಬರೆಸಿದೆ.