ತಿದ್ದುಪಡಿ

ಎಂಟುನೂರು ಮೀಟರು. ದಸರಾ ಕೂಟ, ಚಾಮುಂಡಿ ವಿಹಾರ.
ಮೇಲಿನ ಮೆಟ್ಟಿಲಲ್ಲಿ ಟೋಪಿ ಹಾಕಿಕೊಂಡು ಕೂತು
ಓಟ ಶುರುವಾಗುವ ಮೊದಲೇ ತಲೆಬರಹ ಬರೆದಿದ್ದೆ:
ಕಾಡಿನ ಮಗಳ ಕಾಲಲ್ಲಿ ಬಿರುಗಾಳಿ.

ಗೆದ್ದಳು ಸೆಲೆಸ್ತಿನಾ ಸಿದ್ದಿ. ನನ್ನ ಪುಣ್ಯ.
ಸೋತಿದ್ದರೆ ಇನ್ನೊಂದಿತ್ತು, ಅದೂ ಸಿದ್ಧ:
ಕಸುವಿತ್ತು, ಲೆಕ್ಕ ತಪ್ಪಿತು.

ಎರಡನೆಯವಳು ಸರಸ್ವತಿಪುರಂ ಹುಡುಗಿ, ಮಾನ್ವಿತಾ.
ಅವಳಿಗೆ ಬರೆದೆ: ಜಾಣ ಓಟ,
ಕೊನೆಯ ಸುತ್ತಿಗೆ ಉಸಿರು ಉಳಿಸಿಕೊಂಡ ಬಗೆ,
ನಾಲ್ಕೂವರೆಯ ಅಲಾರಾಂ, ಅಮ್ಮನ ರಾಗಿ ಗಂಜಿ.
ಇವಳಿಗೆ: ರಕ್ತ. ಹಡಗು. ನಾನೂರು ವರ್ಷ.
ಹುಟ್ಟಿನಿಂದಲೇ ಬಂದದ್ದು ಎಂದೆ,
ಮಚ್ಚೆಯ ಹಾಗೆ.
ಕನ್ನಡ ಚೆನ್ನಾಗಿ ಮಾತಾಡುತ್ತಾಳೆ ಅಂತಲೂ ಸೇರಿಸಿದೆ.
ಬಿ.ಕಾಂ. ಕೊನೆಯ ವರ್ಷ, ಮಹಾರಾಣಿ ಕಾಲೇಜು.
ಇನ್ನೇನು ಮಾತಾಡಬೇಕಿತ್ತೋ.

ಮರುದಿನ ಹನ್ನೊಂದಕ್ಕೆ ಆಫೀಸಿಗೇ ಬಂದಳು,
ಇರ್ವಿನ್ ರಸ್ತೆಯ ಆ ಇಕ್ಕಟ್ಟು ಮೆಟ್ಟಿಲು ಹತ್ತಿ.
ಕೈಯಲ್ಲಿ ಪೇಪರು, ಕಂಕುಳಲ್ಲಿ ನೂರು ಪುಟದ ನೋಟ್‌ಬುಕ್ಕು.
ಬೈಯುತ್ತಾಳೆ ಅಂದುಕೊಂಡೆ.
ಕುರ್ಚಿ ಎಳೆದೆ, ಫ್ಯಾನು ಹಾಕಿದೆ, ಕಾಫಿಗೆ ಹೇಳಿದೆ.

"ಸರ್, ಟೈಮ್ ತಪ್ಪಾಗಿದೆ.
ಎರಡು ಹನ್ನೊಂದು ಪಾಯಿಂಟ್ ನಾಲ್ಕು.
ನೀವು ಎರಡು ಹದಿನಾಲ್ಕು ಪಾಯಿಂಟ್ ಒಂದು ಅಂತ ಹಾಕಿದೀರಿ."

ಅಷ್ಟೇ.

ನೋಟ್‌ಬುಕ್ಕು ಬಿಚ್ಚಿದಳು, ಸಾಕ್ಷಿಗೆ.
ಸೋಮ, ಬುಧ: ಕುಕ್ಕರಹಳ್ಳಿ ಏರಿ. ಶುಕ್ರ: ಬೆಟ್ಟದ ಸಾವಿರ ಮೆಟ್ಟಿಲು.
ಇನ್ನೂರು ಮೀಟರಿಗೊಂದು ಕಾಲಂ, ಕೆಂಪು ಇಂಕಿನಲ್ಲಿ
ಎಲ್ಲಿ ಅವಸರಪಟ್ಟೆ, ಎಲ್ಲಿ ಭುಜ ಬಿಗಿಯಿತು,
ಮಾನ್ವಿತಾ ಯಾವ ತಿರುವಿನಲ್ಲಿ ನುಗ್ಗುತ್ತಾಳೆ,
ಹಿಂದಿನ ಮೂರು ಕೂಟಗಳದ್ದು.
"ಆ ಎರಡೂಮುಕ್ಕಾಲು ಸೆಕೆಂಡಿಗೆ ಎರಡು ವರ್ಷ ಹಿಡೀತು ಸರ್.
ನೀವು ಒಂದೇ ರಾತ್ರೀಲಿ ವಾಪಸ್ ತಗೊಂಡ್ಬಿಟ್ರಿ."

"ಮತ್ತೆ ಕಾಡು?" ಬಾಯಿ ತಡೆಯದೆ ನಾನೇ ಕೇಳಿದೆ.
"ಹಳಿಯಾಳ ಬಸ್‌ಸ್ಟ್ಯಾಂಡ್ ಹಿಂದೆ ನಮ್ಮನೆ.
ಅಪ್ಪ ಟೈಲರ್."
ಕಾಫಿ ಮುಗಿಸಿ, ಲೋಟ ತಾನೇ ಎತ್ತಿಕೊಂಡು ಹೋಗಿ
ಬಾಗಿಲ ಬಳಿಯ ಟ್ರೇಯಲ್ಲಿಟ್ಟು ಇಳಿದಳು,
ಎರಡೆರಡು ಮೆಟ್ಟಿಲು.

ಏಳನೇ ಪುಟದ ಅಡಿಯಲ್ಲಿ,
ಸೀರೆ ಅಂಗಡಿಗೂ ವೈಕುಂಠ ಸಮಾರಾಧನೆಗೂ ನಡುವೆ
ಎರಡು ಸಾಲು ಸಿಕ್ಕಿತು. ಅಂಕಿ ತಿದ್ದಿದೆ.
ಅಕ್ಷರ ತಿದ್ದಲು ಜಾಗ ಸಾಲಲಿಲ್ಲ ಎಂದು
ಈಗಲೂ ಹೇಳಿಕೊಳ್ಳುತ್ತೇನೆ, ಯಾರೂ ಕೇಳದಿದ್ದರೂ.

ಬಳಸದೆ ಉಳಿದ ಆ ತಲೆಬರಹ ಕಂಪ್ಯೂಟರಿನಲ್ಲಿ ಹಾಗೇ ಇದೆ:
ಕಸುವಿತ್ತು, ಲೆಕ್ಕ ತಪ್ಪಿತು.
ತೆರೆದರೆ ಕೆಳಗೆ
ನನ್ನದೇ ಹೆಸರು.